ಲುಗೋಸಿಯೋ, ಕಾರ್ಲಾಫೋ, ಲೀಯೋ: ಹಳೆಯ ಹಾರರ್ ಚಿತ್ರಗಳಲ್ಲಿ ಯಾವುದನ್ನು ಮೊದಲು ನೋಡಬೇಕು?

‘ವೆನ್ಸ್‌ಡೇ’ ಸರಣಿಯನ್ನು ಒಂದೇ ಗುಕ್ಕಿಗೆ ನೋಡಿ ಮುಗಿಸಿದವರು, ಟಿಮ್ ಬರ್ಟನ್ ಚಿತ್ರಗಳ ಹುಚ್ಚು ಹಿಡಿಸಿಕೊಂಡವರು, ಬೌಹೌಸ್ ಬ್ಯಾಂಡಿನ ಹಾಡು ಕೇಳಿ ಈ ಬೆಲಾ ಲುಗೋಸಿ ಯಾರೆಂದು ಹುಡುಕಲು ಹೊರಟವರು, ಎಲ್ಲರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: ಹಳೆಯ ರಕ್ಕಸ ಚಿತ್ರಗಳಲ್ಲಿ ಯಾವುದರಿಂದ ಶುರು ಮಾಡಲಿ? ಬಲ್ಲವರು ಹೇಳುವ ಉತ್ತರ ಸಾಮಾನ್ಯವಾಗಿ ಒಂದೇ, ಲುಗೋಸಿ ನಟಿಸಿದ 1931ರ ‘ಡ್ರಾಕುಲಾ’. ಆ ಸಲಹೆ ಕೇಳಿ ಕುಳಿತು, ಅರ್ಧಕ್ಕೇ ಆಕಳಿಸಿ, ಹಳೆಯ ಚಿತ್ರಗಳ ಸಹವಾಸವೇ ಬೇಡವೆಂದು ಎದ್ದವರು ಬಹಳ. ಚಿತ್ರ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದರ ರುಚಿ ಹತ್ತಬೇಕಾದರೆ ಅದಕ್ಕೂ ಮೊದಲು ಬೇರೆ ಎರಡನ್ನಾದರೂ ನೋಡಿರಬೇಕು.

ಆಯ್ಕೆಗಳು ಮುಖ್ಯವಾಗಿ ಮೂರು. 1920ರ ದಶಕದ ಜರ್ಮನಿಯ ಮೂಕಿ ಚಿತ್ರಗಳು. ಅಮೆರಿಕದ ಯೂನಿವರ್ಸಲ್ ಸ್ಟುಡಿಯೊ 1931ರಿಂದ 1950ರ ದಶಕದ ನಡುವಿನವರೆಗೆ ತೆಗೆದ ಕಪ್ಪು ಬಿಳುಪಿನ ಚಿತ್ರಗಳು. ಇಂಗ್ಲೆಂಡಿನ ಹ್ಯಾಮರ್ ಸಂಸ್ಥೆ 1957ರಿಂದ ಬಣ್ಣದಲ್ಲಿ ತೆಗೆದವು. ಜಪಾನಿನ ಗಾಡ್‌ಜಿಲಾ 1954ರಲ್ಲಿ ಹುಟ್ಟಿದ್ದು ಅಣುಬಾಂಬಿನ ಭಯದಿಂದ. ಅದರ ವಂಶವೇ ಬೇರೆ, ಆದ್ದರಿಂದ ಇಲ್ಲಿ ಬಿಟ್ಟಿದ್ದೇನೆ.

ಒಂದು ಸಮಾಧಾನದ ಸಂಗತಿಯೂ ಇದೆ. ಯೂನಿವರ್ಸಲ್ ಚಿತ್ರಗಳು ಹೆಚ್ಚಿನವು 70ರಿಂದ 75 ನಿಮಿಷದವು. ನಮ್ಮ ಒಂದು ಕನ್ನಡ ಚಿತ್ರ ಮುಗಿಯುವಷ್ಟರಲ್ಲಿ ಇವುಗಳಲ್ಲಿ ಎರಡನ್ನು ನೋಡಿ ಕಾಫಿಯನ್ನೂ ಕುಡಿಯಬಹುದು. ಆಯ್ಕೆ ತಪ್ಪಿದರೂ ಒಂದು ಸಂಜೆ ಪೂರ್ತಿ ಹಾಳಾಗುವುದಿಲ್ಲ.

ಮೂವರು ಡ್ರಾಕುಲಾಗಳು

ಬ್ರ್ಯಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ಕಾದಂಬರಿಯೇ ಮೂರಕ್ಕೂ ಮೂಲ. ಆದರೆ ಮ್ಯಾಕ್ಸ್ ಶ್ರೆಕ್, ಬೆಲಾ ಲುಗೋಸಿ, ಕ್ರಿಸ್ಟೋಫರ್ ಲೀ ಮೂವರನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಒಂದೇ ಮನೆತನದವರೆಂದು ಯಾರೂ ನಂಬುವುದಿಲ್ಲ.

ಶ್ರೆಕ್ ನಟಿಸಿದ ‘ನೊಸ್ಫೆರಾಟು’ 1922ರದು, ನಿರ್ದೇಶಕ ಎಫ್. ಡಬ್ಲ್ಯು. ಮುರ್ನೌ. ಕಾದಂಬರಿಯ ಹಕ್ಕು ಪಡೆಯದೆಯೇ, ಪಾತ್ರಗಳ ಹೆಸರನ್ನಷ್ಟೇ ಬದಲಿಸಿ ತೆಗೆದ ಚಿತ್ರ ಅದು. ಡ್ರಾಕುಲಾ ಇಲ್ಲಿ ಕೌಂಟ್ ಓರ್ಲಾಕ್ ಆಗಿದ್ದಾನೆ. ಸ್ಟೋಕರ್ ಅವರ ಪತ್ನಿ ಫ್ಲಾರೆನ್ಸ್ ಸುಮ್ಮನಿರಲಿಲ್ಲ. ಅವರು ಹೂಡಿದ ಮೊಕದ್ದಮೆಯಲ್ಲಿ ಪ್ರತಿಗಳನ್ನೆಲ್ಲ ನಾಶ ಮಾಡಬೇಕೆಂದು 1925ರಲ್ಲಿ ಆದೇಶವಾಯಿತು. ಕೈತಪ್ಪಿ ಉಳಿದ ಪ್ರತಿಗಳಿಂದ ಇಂದು ನಮಗೆ ಆ ಚಿತ್ರ ಸಿಕ್ಕಿದೆ. ಓರ್ಲಾಕ್‌ನಲ್ಲಿ ಮೋಹಕವಾದದ್ದು ಏನೇನೂ ಇಲ್ಲ. ಬೋಳುತಲೆ, ಮುಂದಕ್ಕೆ ಚಾಚಿದ ಇಲಿಹಲ್ಲು, ಉದ್ದುದ್ದ ಉಗುರು. ಹಡಗಿನ ತಳದಲ್ಲಿ ಶವಪೆಟ್ಟಿಗೆಯ ಮುಚ್ಚಳ ಸರಿದು, ಸೊಂಟ ಬಗ್ಗಿಸದೆ, ಯಾರೋ ಹಲಗೆಯನ್ನು ಎತ್ತಿ ನಿಲ್ಲಿಸಿದಂತೆ ಅವನು ನೆಟ್ಟಗೆ ಏಳುತ್ತಾನೆ. ನೂರು ವರ್ಷದ ನಂತರವೂ ಆ ದೃಶ್ಯಕ್ಕೆ ಬೆನ್ನು ತಣ್ಣಗಾಗುತ್ತದೆ. ಬಿಸಿಲು ತಾಗಿದರೆ ರಕ್ತಪಿಶಾಚಿ ಅಳಿಯುತ್ತದೆ ಎಂಬ ಮಾತು ಸಿನಿಮಾಗಳಲ್ಲಿ ಶುರುವಾದದ್ದೂ ಇಲ್ಲಿಂದಲೇ. ಕಾದಂಬರಿಯ ಡ್ರಾಕುಲಾ ಹಾಡುಹಗಲಲ್ಲೇ ಲಂಡನ್ನಿನ ಬೀದಿಯಲ್ಲಿ ಕಾಣಿಸಿಕೊಳ್ಳುತ್ತಾನೆ.

‘ನೊಸ್ಫೆರಾಟು’ ಆರಿಸುವವರು ಪ್ರತಿಯ ಬಗ್ಗೆ ಎಚ್ಚರ ವಹಿಸಬೇಕು. ಪುಕ್ಕಟೆಯಾಗಿ ಸಿಗುವ ಹಲವು ಪ್ರತಿಗಳು ಬರೀ ಕಪ್ಪು ಬಿಳುಪಿನವು, ಓಟದ ವೇಗವೂ ಹೆಚ್ಚುಕಡಿಮೆ, ಹಿನ್ನೆಲೆಗೆ ಯಾವುದೋ ಸಂಬಂಧವಿಲ್ಲದ ಸಂಗೀತ. ಮೂಲದಲ್ಲಿ ರಾತ್ರಿಯ ದೃಶ್ಯಗಳನ್ನು ಹಗಲಲ್ಲೇ ಚಿತ್ರೀಕರಿಸಿ ನಂತರ ಫಿಲ್ಮಿಗೆ ನೀಲಿ ಬಣ್ಣ ಹಾಕಿದ್ದರು. ಆ ನೀಲಿ ಇಲ್ಲದ ಪ್ರತಿಯಲ್ಲಿ ಬಿಸಿಲಿಗೆ ಸಾಯಬೇಕಾದ ಪಿಶಾಚಿ ಶವಪೆಟ್ಟಿಗೆ ಹೊತ್ತು ಫಳಫಳ ಹಗಲಲ್ಲಿ ಊರು ಸುತ್ತುತ್ತಾನೆ, ಕಥೆಯ ತಲೆಬುಡ ತಿಳಿಯುವುದಿಲ್ಲ. ಜರ್ಮನಿಯ ಮುರ್ನೌ ಪ್ರತಿಷ್ಠಾನ ಪುನರುಜ್ಜೀವನಗೊಳಿಸಿದ, ಹಾನ್ಸ್ ಎರ್ಡ್‌ಮನ್ ಅವರ ಮೂಲ ಸಂಗೀತವಿರುವ, ಸುಮಾರು ಒಂದೂವರೆ ಗಂಟೆಯ ಬಣ್ಣಲೇಪದ ಪ್ರತಿಯನ್ನೇ ಹುಡುಕಿ.

ಇನ್ನು ಲುಗೋಸಿ. ಆಗ ಹಂಗೆರಿಗೆ ಸೇರಿದ್ದ ಲುಗೋಶ್ ಎಂಬ ಊರಿನಲ್ಲಿ 1882ರಲ್ಲಿ ಹುಟ್ಟಿದವರು, ಊರನ್ನೇ ಹೆಸರಾಗಿಸಿಕೊಂಡವರು. 1927ರಲ್ಲಿ ಬ್ರಾಡ್‌ವೇ ರಂಗದ ಮೇಲೆ ಡ್ರಾಕುಲಾ ಆಗಿ ಹೆಸರು ಮಾಡಿದ ನಂತರ ಚಿತ್ರಕ್ಕೆ ಬಂದರು. ಟಾಡ್ ಬ್ರೌನಿಂಗ್ ನಿರ್ದೇಶಿಸಿದ ಆ ಚಿತ್ರದ ಮೊದಲ ಇಪ್ಪತ್ತು ನಿಮಿಷ, ಅಂದರೆ ಟ್ರಾನ್ಸಿಲ್ವೇನಿಯದ ಕೋಟೆಯ ಭಾಗ, ಎಷ್ಟು ಬಾರಿ ನೋಡಿದರೂ ಸಾಲದು. ಪಾಳುಬಿದ್ದ ಮಹಾಮೆಟ್ಟಿಲಿನ ಮೇಲೆ ಕೈಯಲ್ಲಿ ಮೇಣದ ಬತ್ತಿ ಹಿಡಿದು ಅವನು ನಿಂತಿದ್ದಾನೆ. ಹಿಂದೆ ಆಳೆತ್ತರದ ಜೇಡರಬಲೆ. ಅವನು ಬಲೆಯ ಆ ಬದಿಗೆ ಹೋಗುತ್ತಾನೆ, ಬಲೆ ಹರಿಯುವುದಿಲ್ಲ. ಹಿಂದೆ ಬರುವ ಅತಿಥಿ ಮಾತ್ರ ಕೋಲಿನಿಂದ ಅದನ್ನು ಹರಿದುಕೊಂಡೇ ಬರಬೇಕು. ಆ ಕೋಟೆಯ ನೆಲಮಾಳಿಗೆಯಲ್ಲಿ ಅಮೆರಿಕ ಖಂಡದ ಆರ್ಮಡಿಲೊಗಳು ಓಡಾಡುವುದನ್ನು ಕಂಡರೆ ನಗಬೇಡಿ, ಅಥವಾ ನಕ್ಕುಬಿಡಿ, ಚಿತ್ರಕ್ಕೇನೂ ನಷ್ಟವಿಲ್ಲ.

ನಷ್ಟವಾಗುವುದು ಕಥೆ ಲಂಡನ್ನಿಗೆ ಬಂದ ಮೇಲೆ. ಅಲ್ಲಿಂದ ಮುಂದೆ ಇದು ನಾಟಕ. ಪಡಸಾಲೆಯಲ್ಲಿ ನಿಂತು ಮಾತು, ಮತ್ತೆ ಮಾತು. ಕಿಟಕಿಯಾಚೆ ತೋಳ ಓಡಿತೆಂದು ಒಬ್ಬ ಹೇಳುತ್ತಾನೆ, ತೋಳವನ್ನು ನಮಗೆ ತೋರಿಸುವುದಿಲ್ಲ. ಶೀರ್ಷಿಕೆಯ ಹಿಂದೆ ಬರುವ ‘ಸ್ವಾನ್ ಲೇಕ್’ ತುಣುಕು ಮುಗಿದ ಮೇಲೆ ಹಿನ್ನೆಲೆ ಸಂಗೀತ ಇಲ್ಲವೆಂದೇ ಹೇಳಬೇಕು. ಲುಗೋಸಿ ಒಂದು ಸಲವೂ ಕೋರೆಹಲ್ಲು ತೋರಿಸುವುದಿಲ್ಲ. ಅಂದಮೇಲೆ ಇದನ್ನು ಯಾಕೆ ನೋಡಬೇಕು? ಅವರ ಕಣ್ಣಿಗಾಗಿ, ಬೆರಳಿಗಾಗಿ, ಪ್ರತಿ ಪದವನ್ನೂ ಎಳೆದೆಳೆದು ತೂಗಿ ಇಡುವ ಆ ಉಚ್ಚಾರಣೆಗಾಗಿ. ಸಿಗರೇಟು ಪೆಟ್ಟಿಗೆಯ ಕನ್ನಡಿಯಲ್ಲಿ ತನ್ನ ಬಿಂಬವಿಲ್ಲದ್ದು ಬಯಲಾದಾಗ ಕೈಬೀಸಿ ಅದನ್ನು ಒಡೆದು, ಮರುಕ್ಷಣವೇ ಶ್ರೀಮಂತರ ಸೌಜನ್ಯದಲ್ಲಿ ಕ್ಷಮೆ ಕೇಳುವುದನ್ನು ನೋಡಿ. ಕಪ್ಪು ಉಡುಗೆ, ಕತ್ತಲ ಸಂಗೀತ ಮೆಚ್ಚುವವರ ‘ಗಾತ್’ ಜಗತ್ತು ಈ ಮನುಷ್ಯನಿಂದ ಎತ್ತಿಕೊಂಡದ್ದು ಹೆದರಿಕೆಯನ್ನಲ್ಲ, ಈ ಠೀವಿಯನ್ನು. ಎತ್ತರದ ಕಾಲರಿನ ಆ ಮೇಲಂಗಿ ರಂಗಭೂಮಿಯ ಉಪಾಯ: ನಟ ನೆಲದ ಕಿಂಡಿಯಿಂದ ಮಾಯವಾಗುವಾಗ ತಲೆ ಕಾಣದಂತೆ ಮರೆಮಾಡಲು ಇಂಗ್ಲೆಂಡಿನ ನಾಟಕದಲ್ಲಿ ಕಾಲರನ್ನು ಎತ್ತರಿಸಿದ್ದರು. ಇಂದು ಅದಿಲ್ಲದ ಡ್ರಾಕುಲಾ ವೇಷವನ್ನು ಯಾರೂ ಒಪ್ಪುವುದಿಲ್ಲ.

ಇದರಲ್ಲೇ ಇನ್ನೊಂದು ಕವಲು ಇದೆ. ಹಗಲು ಇಂಗ್ಲಿಷ್ ತಂಡ ಚಿತ್ರೀಕರಿಸಿದ ಅದೇ ಸೆಟ್ಟುಗಳಲ್ಲಿ ರಾತ್ರಿ ಇನ್ನೊಂದು ತಂಡ ಸ್ಪ್ಯಾನಿಷ್ ಡ್ರಾಕುಲಾ ತೆಗೆಯಿತು. ಹಗಲಿನವರು ತೆಗೆದದ್ದನ್ನು ನೋಡಿ ಅದಕ್ಕಿಂತ ಚೆನ್ನಾಗಿ ತೆಗೆಯುವ ಹಟವೂ ಅವರಲ್ಲಿತ್ತು. ಕ್ಯಾಮೆರಾ ಚಲನೆಯಲ್ಲಿ, ಲೂಪಿಟಾ ಟೋವಾರ್ ಅವರ ಅಭಿನಯದಲ್ಲಿ ಅವರು ಗೆದ್ದಿದ್ದಾರೆ. ಆದರೆ ಅದು 104 ನಿಮಿಷದ್ದು, ಲುಗೋಸಿಯೂ ಇಲ್ಲ. ಅಲ್ಲಿ ಡ್ರಾಕುಲಾ ಆದ ಕಾರ್ಲೋಸ್ ವಿಯಾರಿಯಾಸ್ ಕಣ್ಣರಳಿಸಿದಾಗಲೆಲ್ಲ ನನಗೆ ನಗು ತಡೆಯಲಾಗುವುದಿಲ್ಲ. ಇಂಗ್ಲಿಷಿನದನ್ನು ಮೊದಲು ನೋಡಿ. ಹುಚ್ಚು ಹೆಚ್ಚಾದರೆ ಸ್ಪ್ಯಾನಿಷ್. 1990ರ ದಶಕದ ಕೊನೆಯಲ್ಲಿ ಫಿಲಿಪ್ ಗ್ಲಾಸ್ ಸಂಯೋಜಿಸಿದ ಸಂಗೀತವಿರುವ ಪ್ರತಿಯೂ ಸಿಗುತ್ತದೆ. ಸಂಗೀತ ಸೊಗಸಾಗಿದೆ, ಆದರೆ ಒಂದು ಗಳಿಗೆಯೂ ಬಾಯಿ ಮುಚ್ಚುವುದಿಲ್ಲ. ಲುಗೋಸಿಯ ಮಾತಿನ ನಡುವಿನ ನಿಶ್ಶಬ್ದವೇ ಆ ಚಿತ್ರದ ಬಂಡವಾಳ. ಮೊದಲ ಬಾರಿಗೆ ಸಂಗೀತವಿಲ್ಲದ್ದೇ ಸರಿ.

ಮೂರನೆಯವರು ಲೀ. 1958ರ ಹ್ಯಾಮರ್ ಚಿತ್ರದಲ್ಲಿ ಅವರು ಮೊದಲು ಕಾಣುವುದು ಮೆಟ್ಟಿಲ ತುದಿಯಲ್ಲಿ, ಕಪ್ಪು ಆಕೃತಿಯಾಗಿ. ಪ್ರೇಕ್ಷಕ ಬೆಚ್ಚಲು ಸಿದ್ಧನಾಗುತ್ತಾನೆ. ಆ ಆಕೃತಿ ಸರಸರನೆ ಇಳಿದು ಬಂದು, ಒಳ್ಳೆಯ ಮನೆಯ ಯಜಮಾನನಂತೆ ವಿನಯದಿಂದ ಮಾತನಾಡಿ, ಅತಿಥಿಯ ಚೀಲವನ್ನು ತಾನೇ ಎತ್ತಿಕೊಂಡು ಕೋಣೆ ತೋರಿಸುತ್ತದೆ. ಕೆಲವೇ ನಿಮಿಷದ ನಂತರ ಗ್ರಂಥಾಲಯದ ಬಾಗಿಲಲ್ಲಿ ಅದೇ ಮುಖ: ಕೆಂಪು ಕಣ್ಣು, ಕೋರೆಹಲ್ಲು, ಬಾಯಿಂದ ಇಳಿಯುವ ರಕ್ತ. ಅಲ್ಲಿಂದ ಮುಂದೆ ಲೀ ಮಾತನ್ನೇ ಆಡುವುದಿಲ್ಲ. ಜೇಮ್ಸ್ ಬರ್ನಾರ್ಡ್ ಅವರ ಸಂಗೀತ ‘ಡ್ರಾ-ಕು-ಲಾ’ ಎಂಬ ಮೂರು ಉಚ್ಚಾರಗಳನ್ನೇ ಸ್ವರವಾಗಿಸಿ ಅವರ ಪರವಾಗಿ ಕೂಗುತ್ತದೆ. ಎದುರಾಳಿ ವ್ಯಾನ್ ಹೆಲ್ಸಿಂಗ್ ಆಗಿ ಪೀಟರ್ ಕುಶಿಂಗ್. ಉದ್ದನೆಯ ಮೇಜಿನ ಮೇಲೆ ಓಡಿ, ಹಾರಿ, ಪರದೆ ಕಿತ್ತು ಬಿಸಿಲು ಒಳಗೆ ಬಿಟ್ಟು, ಎರಡು ದೀಪಸ್ತಂಭಗಳನ್ನು ಶಿಲುಬೆಯಾಗಿ ಹಿಡಿಯುವ ಅವರ ಕೊನೆಯ ದೃಶ್ಯ ಯಾವ ಸಾಹಸಚಿತ್ರಕ್ಕೂ ಕಡಿಮೆಯಿಲ್ಲ.

ಕಪ್ಪು ಬಿಳುಪು ಎಂದರೆ ಮುಖ ಸಿಂಡರಿಸುವ ಗೆಳೆಯರ ಜೊತೆ ನೋಡುವುದಾದರೆ ಲೀಯೇ ಸರಿ. ಅಮೆರಿಕದಲ್ಲಿ ಈ ಚಿತ್ರದ ಹೆಸರು ‘ಹಾರರ್ ಆಫ್ ಡ್ರಾಕುಲಾ’, ಹುಡುಕುವಾಗ ನೆನಪಿರಲಿ. ಸೆನ್ಸಾರ್ ಕತ್ತರಿಸಿದ್ದ ಕೆಲವು ತುಣುಕುಗಳು ಜಪಾನಿನಲ್ಲಿ ಸಿಕ್ಕಿ, ನಂತರದ ಪ್ರತಿಗಳಿಗೆ ಸೇರಿದವು. ಡ್ರಾಕುಲಾ ತನ್ನ ಮುಖವನ್ನೇ ಬೆರಳಿನಿಂದ ಕೆರೆದುಕೊಳ್ಳುವ ನೋಟ ಅವುಗಳಲ್ಲೊಂದು. ಅದಿರುವ ಪ್ರತಿಯನ್ನೇ ಆರಿಸಿ.

ನನ್ನ ಮೊದಲ ಆಯ್ಕೆ: ಕಾರ್ಲಾಫ್

ಮೂವರು ಡ್ರಾಕುಲಾಗಳಲ್ಲಿ ಯಾರನ್ನೂ ನಾನು ಹೊಸಬರಿಗೆ ಮೊದಲು ತೋರಿಸುವುದಿಲ್ಲ. ನನ್ನ ಪಟ್ಟಿ ಶುರುವಾಗುವುದು 1931ರ ಕೊನೆಯಲ್ಲಿ ಬಂದ ‘ಫ್ರಾಂಕನ್‌ಸ್ಟೈನ್’ನಿಂದ. ‘ಡ್ರಾಕುಲಾ’ ಬಂದ ವರ್ಷವೇ, ಅದೇ ಸ್ಟುಡಿಯೊದಿಂದ ಬಂದದ್ದು. ನೋಡಿದರೆ ಹತ್ತು ವರ್ಷದ ಅಂತರವಿದ್ದಂತೆ ತೋರುತ್ತದೆ. ಕಾರಣ ನಿರ್ದೇಶಕ ಜೇಮ್ಸ್ ವೇಲ್. ಅವರೂ ನಾಟಕದಿಂದಲೇ ಬಂದವರು, ಆದರೆ ಕ್ಯಾಮೆರಾವನ್ನು ಪಡಸಾಲೆಯಲ್ಲಿ ಕೂರಿಸಲಿಲ್ಲ.

ರಕ್ಕಸನ ಪಾತ್ರ ಬೋರಿಸ್ ಕಾರ್ಲಾಫ್ ಅವರದು. ನಿಜ ಹೆಸರು ವಿಲಿಯಂ ಹೆನ್ರಿ ಪ್ರ್ಯಾಟ್; ಹುಟ್ಟಿದ್ದು ಲಂಡನ್ನಿನಲ್ಲಿ, ತಂದೆ ಬ್ರಿಟಿಷ್ ಇಂಡಿಯಾದ ಉಪ್ಪಿನ ಸುಂಕದ ಇಲಾಖೆಯಲ್ಲಿದ್ದವರು. ಚಿತ್ರದ ಆರಂಭದ ನಟವರ್ಗದ ಪಟ್ಟಿಯಲ್ಲಿ ರಕ್ಕಸನ ಎದುರು ನಟನ ಹೆಸರಿಲ್ಲ, ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ. ಜಾಕ್ ಪಿಯರ್ಸ್ ಗಂಟೆಗಟ್ಟಲೆ ಕುಳಿತು ಮಾಡಿದ ಮೇಕಪ್ಪು ಆ ಚಪ್ಪಟೆ ತಲೆ, ಆ ಭಾರದ ರೆಪ್ಪೆ. ಕೆನ್ನೆ ಗುಳಿ ಬೀಳಲೆಂದು ಕಾರ್ಲಾಫ್ ತಮ್ಮ ಕಟ್ಟಿಸಿದ ಹಲ್ಲುಗಳನ್ನು ತೆಗೆದಿಟ್ಟರು. ರಕ್ಕಸ ಮೊದಲು ಬಾಗಿಲಲ್ಲಿ ಕಾಣಿಸಿಕೊಳ್ಳುವುದು ಬೆನ್ನು ಹಾಕಿ. ನಿಧಾನವಾಗಿ ತಿರುಗುತ್ತಾನೆ. ಕ್ಯಾಮೆರಾ ಒಮ್ಮೆ ಹತ್ತಿರ, ಇನ್ನೂ ಹತ್ತಿರ, ಮುಖದ ಮೇಲೆಯೇ. ಸ್ವಲ್ಪ ಹೊತ್ತಿನ ನಂತರ ಛಾವಣಿಯ ಕಿಂಡಿ ತೆರೆದಾಗ ಬೀಳುವ ಬೆಳಕನ್ನು ಎರಡೂ ಕೈ ಎತ್ತಿ ಹಿಡಿಯಲು ನೋಡುತ್ತಾನೆ. ಕಿಂಡಿ ಮುಚ್ಚಿದ ಮೇಲೆ ಆ ಕೈಗಳು ತನ್ನನ್ನು ಸೃಷ್ಟಿಸಿದವನ ಕಡೆಗೆ ಬೇಡುವಂತೆ ಚಾಚಿಕೊಂಡೇ ಇರುತ್ತವೆ. ಹೆದರಲು ಬಂದವರು ಮರುಗಲು ತೊಡಗುವುದು ಇಲ್ಲಿಂದ.

ಕೆರೆಯ ದಡದ ದೃಶ್ಯವನ್ನೂ ಹೇಳಬೇಕು. ಮರಿಯಾ ಎಂಬ ಪುಟ್ಟ ಹುಡುಗಿ ಹೂಗಳನ್ನು ನೀರಿಗೆಸೆದು ತೇಲಿಸುತ್ತಾಳೆ. ಹೂ ಮುಗಿದ ಮೇಲೆ, ಅವಳೂ ತೇಲುತ್ತಾಳೆಂದು ರಕ್ಕಸ ಅವಳನ್ನೇ ಎತ್ತಿ ಎಸೆಯುತ್ತಾನೆ. ಸೆನ್ಸಾರಿನವರು ಎಸೆಯುವುದನ್ನು ಕತ್ತರಿಸಿ, ಅವನು ಅವಳತ್ತ ಕೈ ಚಾಚುವಲ್ಲಿಗೆ ನಿಲ್ಲಿಸಿದ್ದರು. ಪರಿಣಾಮವಾಗಿ ದಶಕಗಳ ಕಾಲ ಪ್ರೇಕ್ಷಕರು ಅದಕ್ಕಿಂತ ಹೇಯವಾದದ್ದನ್ನು ಊಹಿಸಿಕೊಂಡರು. ಈಗಿನ ಪ್ರತಿಗಳಲ್ಲಿ ದೃಶ್ಯ ಪೂರ್ತಿ ಇದೆ. ಅಂದಹಾಗೆ, ಫ್ರಾಂಕನ್‌ಸ್ಟೈನ್ ಎಂಬುದು ಸೃಷ್ಟಿಸಿದ ವಿಜ್ಞಾನಿಯ ಹೆಸರು, ರಕ್ಕಸನಿಗೆ ಹೆಸರೇ ಇಲ್ಲ. ಗೂನುಬೆನ್ನಿನ ಸಹಾಯಕನ ಹೆಸರೂ ಈ ಚಿತ್ರದಲ್ಲಿ ಇಗೋರ್ ಅಲ್ಲ, ಫ್ರಿಟ್ಸ್.

ಆಮೇಲೆ ಅದೇ ರಾತ್ರಿ, ಸಾಧ್ಯವಾದರೆ ಏಳದೆಯೇ, 1935ರ ‘ಬ್ರೈಡ್ ಆಫ್ ಫ್ರಾಂಕನ್‌ಸ್ಟೈನ್’. ಎರಡನೆಯ ಭಾಗ ಮೊದಲನೆಯದನ್ನು ಮೀರಿಸಿದ ಅಪರೂಪದ ಉದಾಹರಣೆ ಇದು. ವೇಲ್ ಅವರ ಕುಚೋದ್ಯ ಇಲ್ಲಿ ಪೂರ್ತಿ ಬಿಚ್ಚಿಕೊಂಡಿದೆ: ಗಾಜಿನ ಜಾಡಿಗಳಲ್ಲಿ ಬೊಗಸೆಯಷ್ಟು ರಾಜ ರಾಣಿಯರನ್ನು ಸಾಕಿಕೊಂಡ ಡಾಕ್ಟರ್ ಪ್ರಿಟೋರಿಯಸ್, ಪಿಟೀಲು ನುಡಿಸುತ್ತ ರಕ್ಕಸನಿಗೆ ಮಾತು ಕಲಿಸುವ ಕುರುಡು ಸನ್ಯಾಸಿ. ವಧು ಬರುವುದು ಕೊನೆಯ ಕೆಲವು ನಿಮಿಷಗಳಲ್ಲಿ ಮಾತ್ರ. ಎಲ್ಸಾ ಲ್ಯಾಂಚೆಸ್ಟರ್ ಅವರ ಕೂದಲು ಈಜಿಪ್ಟಿನ ನೆಫೆರ್ಟಿಟಿಯ ಕಿರೀಟದಂತೆ ಮೇಲೆದ್ದಿದೆ, ಎರಡೂ ಬದಿಯಲ್ಲಿ ಮಿಂಚಿನಂಥ ಬಿಳಿ ಗೆರೆ. ತಲೆಯನ್ನು ಸರಕ್ಕನೆ ಅತ್ತಿತ್ತ ತಿರುಗಿಸುವ, ಬುಸುಗುಟ್ಟುವ ಆ ರೀತಿಯನ್ನು ಅವರು ಲಂಡನ್ನಿನ ಉದ್ಯಾನದ ಹಂಸಗಳಿಂದ ಕಲಿತರಂತೆ. ಗಾತ್ ಹುಡುಗಿಯರ ಕೇಶಶೃಂಗಾರಕ್ಕೆ ಮೂಲದೇವತೆ ಯಾರೆಂದು ಕೇಳಿದರೆ ನನ್ನ ಮತ ಇವರಿಗೇ. ಅದೇ ನಟಿ ಚಿತ್ರದ ಆರಂಭದಲ್ಲಿ ‘ಫ್ರಾಂಕನ್‌ಸ್ಟೈನ್’ ಕಾದಂಬರಿ ಬರೆದ ಮೇರಿ ಶೆಲ್ಲಿಯೂ ಆಗಿದ್ದಾರೆ ಎಂಬುದನ್ನು ಗಮನಿಸಿ.

ಹ್ಯಾಮರ್‌ನವರ 1957ರ ‘ಕರ್ಸ್ ಆಫ್ ಫ್ರಾಂಕನ್‌ಸ್ಟೈನ್’ ಜೊತೆ ಹೋಲಿಸುವುದಾದರೆ, ಪಿಯರ್ಸ್ ಅವರ ಮೇಕಪ್ಪನ್ನು ಅನುಕರಿಸಿದರೆ ಯೂನಿವರ್ಸಲ್ ಮೊಕದ್ದಮೆ ಹೂಡುವ ಭಯವಿತ್ತು. ಹಾಗಾಗಿ ಲೀ ಅವರ ರಕ್ಕಸ ಅಪಘಾತದಲ್ಲಿ ಮುಖ ಜಜ್ಜಿಹೋದವನಂತೆ ಕಾಣುತ್ತಾನೆ, ಮನಸ್ಸಿನಲ್ಲಿ ಉಳಿಯುವುದಿಲ್ಲ. ಉಳಿಯುವವನು ಕುಶಿಂಗ್ ಅವರ ವಿಜ್ಞಾನಿ, ಬ್ಯಾರನ್ ಫ್ರಾಂಕನ್‌ಸ್ಟೈನ್: ರಕ್ತದ ಕೈಯನ್ನು ಕೋಟಿಗೆ ಒರೆಸಿಕೊಂಡು ಕೆಲಸ ಮುಂದುವರಿಸುವ ತಣ್ಣನೆಯ ಬುದ್ಧಿವಂತ. ಹ್ಯಾಮರ್‌ನ ಮುಂದಿನ ಚಿತ್ರಗಳೂ ಅವನನ್ನೇ ಹಿಂಬಾಲಿಸುತ್ತವೆ. ರಕ್ಕಸನ ಮೇಲೆ ಕರುಣೆ ಬೇಕಿದ್ದರೆ ಯೂನಿವರ್ಸಲ್, ಮನುಷ್ಯನ ಮೇಲೆ ಹೇಸಿಗೆ ಬೇಕಿದ್ದರೆ ಹ್ಯಾಮರ್.

ಉಳಿದವರು

‘ಮಮ್ಮಿ’ (1932) ಈಜಿಪ್ಟಿನ ಪ್ರಾಚೀನ ರಾಜ ಟುಟಾಂಖಾಮನ್‌ನ ಗೋರಿ ಪತ್ತೆಯಾದ ಹತ್ತು ವರ್ಷಕ್ಕೆ ಬಂದದ್ದು. ಬಟ್ಟೆ ಸುತ್ತಿದ ಕಾರ್ಲಾಫ್ ಮೊದಲ ದೃಶ್ಯದಲ್ಲಿ ಕಣ್ಣು ತೆರೆಯುವುದೊಂದು ಅದ್ಭುತ, ಆಮೇಲೆ ಅದು ಮಂದಗತಿಯ ಪ್ರೇಮಕಥೆ. ‘ಇನ್‌ವಿಸಿಬಲ್ ಮ್ಯಾನ್’ (1933) ಮತ್ತೆ ವೇಲ್ ಅವರದು. ಮಕ್ಕಳ ಜೊತೆ ನೋಡಲು ಒಳ್ಳೆಯದೆನ್ನುತ್ತಿದ್ದೆ, ಆದರೆ ಆ ಅದೃಶ್ಯ ಮನುಷ್ಯ ಕೊಲ್ಲುವವರ ಸಂಖ್ಯೆ ದೊಡ್ಡದು. ‘ವುಲ್ಫ್ ಮ್ಯಾನ್’ (1941) ಬರೆದ ಕರ್ಟ್ ಸಿಯೋಡ್ಮಾಕ್ ನಾಜಿಗಳ ಜರ್ಮನಿ ಬಿಟ್ಟು ಬಂದ ಯಹೂದಿ. ಒಳ್ಳೆಯವನೂ ತನಗರಿವಿಲ್ಲದೆ ಮೃಗವಾಗಬಲ್ಲ ಎಂಬ ಆ ಕಥೆಯನ್ನು ಅದು ತಿಳಿದು ನೋಡಿದರೆ ತೂಕ ಬೇರೆ. ‘ಕ್ರೀಚರ್ ಫ್ರಮ್ ದ ಬ್ಲ್ಯಾಕ್ ಲಗೂನ್’ (1954) ಮೂರು ಆಯಾಮದಲ್ಲಿ ತೆಗೆದದ್ದು. ಆ ಜಲಜೀವಿಯ ರೂಪ ಮಿಲಿಸೆಂಟ್ ಪ್ಯಾಟ್ರಿಕ್ ಅವರದು; ದಶಕಗಳ ಕಾಲ ಅದರ ಶ್ರೇಯಸ್ಸನ್ನು ಬೇರೆಯವರು ಪಡೆದರು.

ಭಯಕ್ಕಿಂತ ಗಾತ್ ಸೊಗಸೇ ಬೇಕೆನ್ನುವವರು ಇವೆಲ್ಲವನ್ನೂ ಬದಿಗಿಟ್ಟು ಎರಡನ್ನು ಹುಡುಕಿ. ‘ಬ್ಲ್ಯಾಕ್ ಕ್ಯಾಟ್’ (1934): ಮಹಾಯುದ್ಧದ ರಣಭೂಮಿಯ ಮೇಲೆ ಕಟ್ಟಿದ ಗಾಜು, ಉಕ್ಕಿನ ನವನವೀನ ಮನೆ, ಒಳಗೆ ಕಾರ್ಲಾಫ್ ಮತ್ತು ಲುಗೋಸಿ ಚದುರಂಗ ಆಡುತ್ತ ಪರಸ್ಪರ ದ್ವೇಷಿಸುತ್ತಾರೆ. ಜೇಡರಬಲೆ ಒಂದೂ ಇಲ್ಲ, ಆದರೂ ಉಸಿರುಗಟ್ಟುತ್ತದೆ. ಇನ್ನೊಂದು ‘ಡ್ರಾಕುಲಾಸ್ ಡಾಟರ್’ (1936): ತನ್ನ ರಕ್ತದಾಹದಿಂದ ಬಿಡುಗಡೆ ಬೇಡುವ ಹೆಣ್ಣಾಗಿ ಗ್ಲೋರಿಯಾ ಹೋಲ್ಡನ್.

ಟಿ.ವಿ. ಕಡೆ ಬಂದರೆ, 1964ರಲ್ಲಿ ಒಟ್ಟಿಗೇ ಶುರುವಾಗಿ 1966ರಲ್ಲಿ ಒಟ್ಟಿಗೇ ಮುಗಿದ ‘ಆಡಮ್ಸ್ ಫ್ಯಾಮಿಲಿ’ ಮತ್ತು ‘ಮನ್‌ಸ್ಟರ್ಸ್’ ನಡುವೆ ಆರಿಸಬೇಕು. ಎರಡನೆಯದನ್ನು ತಯಾರಿಸಿದ್ದು ಯೂನಿವರ್ಸಲ್, ಹಾಗಾಗಿ ಅಪ್ಪನಿಗೆ ಕಾರ್ಲಾಫ್‌ನ ತಲೆ ಸಿಕ್ಕಿದೆ. ಅವರು ತಮ್ಮನ್ನು ಸಾಮಾನ್ಯರೆಂದುಕೊಂಡ ರಕ್ಕಸರು. ಆಡಮ್ಸ್ ಮನೆಯವರು, ಚಾರ್ಲ್ಸ್ ಆಡಮ್ಸ್ ‘ನ್ಯೂಯಾರ್ಕರ್’ ಪತ್ರಿಕೆಗೆ 1938ರಿಂದ ಬರೆದ ವ್ಯಂಗ್ಯಚಿತ್ರಗಳಿಂದ ಬಂದವರು, ಗುಲಾಬಿ ಹೂ ಕತ್ತರಿಸಿ ಎಸೆದು ಮುಳ್ಳುಕಡ್ಡಿಯನ್ನು ಹೂದಾನಿಯಲ್ಲಿ ಇಡುವಂಥವರು. ಗಾತ್ ಎಂದರೆ ಈ ಅಭಿರುಚಿಯೇ ಹೊರತು ಕತ್ತಿಗೆ ಬಡಿದ ಬೋಲ್ಟು ಅಲ್ಲ. ಆಡಮ್ಸ್ ಮನೆಯ ತಾಯಿ ಮಾರ್ಟಿಷಿಯಾ ಎದುರು ಮನ್‌ಸ್ಟರ್ ಮನೆಯ ತಾಯಿ ಲಿಲಿ ನಿಲ್ಲುವುದಿಲ್ಲ.

ಸಂಗೀತದಿಂದ ಬಂದವರಿಗೆ ಒಂದು ಮಾತು. ಬೌಹೌಸ್ 1979ರಲ್ಲಿ ಹೊರತಂದ ‘ಬೆಲಾ ಲುಗೋಸೀಸ್ ಡೆಡ್’ ಒಂಬತ್ತು ನಿಮಿಷಕ್ಕೂ ಹೆಚ್ಚು ಉದ್ದದ್ದು. ಗಾತ್ ಸಂಗೀತದ ಕಥೆ ಹೇಳುವವರೆಲ್ಲ ಅಲ್ಲಿಂದಲೇ ಶುರು ಮಾಡುತ್ತಾರೆ. ಮುಖಪುಟದ ಚಿತ್ರ ಮಾತ್ರ ಲುಗೋಸಿಯ ಯಾವ ಸಿನಿಮಾದ್ದೂ ಅಲ್ಲ, 1926ರ ಒಂದು ಮೂಕಿಯದು. ಆ ಹಾಡಿನ ಮಂಪರು ಹಿಡಿಸಿದವರಿಗೆ 1931ರ ‘ಡ್ರಾಕುಲಾ’ದ ನಿಧಾನ ಬೇಸರ ತರುವುದಿಲ್ಲ. ನಾನು ಹೇಳಿದ ಅನುಕ್ರಮವನ್ನು ಅವರು ಮುರಿದು ನೇರ ಲುಗೋಸಿಯ ಬಳಿಗೆ ಹೋಗಬಹುದು. ಇಂಗ್ಲೆಂಡಿನಲ್ಲಿ ಇರುವ ಕನ್ನಡಿಗರಿಗಂತೂ ವಿಟ್ಬಿ ಕೈಗೆಟುಕುವ ದೂರ: ಕಾದಂಬರಿಯ ಡ್ರಾಕುಲಾ ಹಡಗಿನಿಂದ ಇಳಿಯುವ ಊರು, ಚರ್ಚಿಗೆ ಹತ್ತುವ 199 ಮೆಟ್ಟಿಲು. 1994ರಿಂದ ಅಲ್ಲಿ ಗಾತ್ ಜಾತ್ರೆ ಸೇರುತ್ತಿದೆ.

ಎಲ್ಲಿಗೆ ನಿಲ್ಲಿಸುವುದು

ಕಾರ್ಲಾಫ್ ಎರಡು, ಆಮೇಲೆ ಲೀ, ಆಮೇಲೆ ಲುಗೋಸಿ, ಕೊನೆಗೆ ಶ್ರೆಕ್. ಇಷ್ಟಾದ ಮೇಲೆ ಮುಂದುವರಿದ ಭಾಗಗಳ ಸೆಳೆತ ಶುರುವಾಗುತ್ತದೆ. 1939ರ ‘ಸನ್ ಆಫ್ ಫ್ರಾಂಕನ್‌ಸ್ಟೈನ್’ ಧಾರಾಳವಾಗಿ ನೋಡಿ. ಮುರಿದ ಕತ್ತಿನ ಇಗೋರ್ ಆಗಿ ಲುಗೋಸಿ ಎಲ್ಲರನ್ನೂ ಮೀರಿಸಿದ್ದಾರೆ. 1944 ಮತ್ತು 1945ರಲ್ಲಿ ರಕ್ಕಸರನ್ನೆಲ್ಲ ಒಂದೇ ಮನೆಗೆ ತುಂಬಿದ ಎರಡು ಚಿತ್ರಗಳನ್ನು ಬಿಟ್ಟರೂ ನಡೆಯುತ್ತದೆ. ಅವುಗಳ ಬದಲು ಹಾಸ್ಯಜೋಡಿ ಆ್ಯಬಟ್ ಮತ್ತು ಕಾಸ್ಟೆಲೊ 1948ರಲ್ಲಿ ಫ್ರಾಂಕನ್‌ಸ್ಟೈನ್‌ನನ್ನು ಎದುರಿಸಿದ ಚಿತ್ರ ನೋಡಿ. ಡ್ರಾಕುಲಾನ ಪಾತ್ರವನ್ನು ಲುಗೋಸಿ ಸಿನಿಮಾದಲ್ಲಿ ಎರಡನೆಯ ಮತ್ತು ಕೊನೆಯ ಬಾರಿಗೆ ಮಾಡಿದ್ದು ಅದರಲ್ಲೇ, ಮತ್ತು ನಗಿಸುವವರ ನಡುವೆಯೂ ಅವರು ಗಾಂಭೀರ್ಯ ಬಿಟ್ಟುಕೊಟ್ಟಿಲ್ಲ.

ಹ್ಯಾಮರ್‌ಗಾಗಿ ಲೀ ಏಳು ಬಾರಿ ಡ್ರಾಕುಲಾ ಆದರು. ಮೊದಲನೆಯದರ ನಂತರ ಅವರೇ ಇಲ್ಲದ 1960ರ ‘ಬ್ರೈಡ್ಸ್ ಆಫ್ ಡ್ರಾಕುಲಾ’ ಉಳಿದ ಆರಕ್ಕಿಂತ ಚೆನ್ನಾಗಿದೆ. 1966ರದರಲ್ಲಿ ಲೀಗೆ ಒಂದೇ ಒಂದು ಮಾತಿಲ್ಲ. ಸಂಭಾಷಣೆ ಹೇಳಲಾಗದಷ್ಟು ಕೆಟ್ಟದಾಗಿತ್ತೆಂದು ಅವರು, ತಾನು ಸಂಭಾಷಣೆಯನ್ನೇ ಬರೆದಿರಲಿಲ್ಲವೆಂದು ಲೇಖಕ, ಇಬ್ಬರೂ ಕೊನೆಯವರೆಗೆ ವಾದಿಸಿದರು. 1972ರದರಲ್ಲಿ ಡ್ರಾಕುಲಾ ಆ ಕಾಲದ ಲಂಡನ್ನಿನ ಪುಂಡು ಹುಡುಗರ ಕೈಗೆ ಸಿಕ್ಕಿಬೀಳುತ್ತಾನೆ. ನಗಲು ನಾಲ್ಕು ಜನ ಗೆಳೆಯರು ಪಕ್ಕದಲ್ಲಿದ್ದರೆ ಮಾತ್ರ ಅದಕ್ಕೆ ಕೈಹಾಕಿ.